ಬಾಣಂತನದಲ್ಲಿರುವ ತಂಗಿಗೆ ಕಡಿಮೆ ಖರ್ಚಿನ ಮಾನಸಿಕ ಚಿಕಿತ್ಸೆ ಎಲ್ಲಿ ಸಿಗುತ್ತದೆ? (ಹಾವೇರಿ ಜಿಲ್ಲೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಚೊಚ್ಚಲ ಹೆರಿಗೆಯಾಗಿ ಎರಡು ತಿಂಗಳಾಗುತ್ತ ಬಂದಿದ್ದು, ರಾಣೆಬೆನ್ನೂರು ತಾಲ್ಲೂಕಿನ ನಮ್ಮ ತವರಿನಲ್ಲಿ ಬಾಣಂತನ ನಡೆಯುತ್ತಿದೆ. ಕೂಸು ಆರೋಗ್ಯವಾಗಿದೆ. ಆದರೆ ತಂಗಿ ಕೂಸು ಮಲಗಿದಾಗಲೂ ನಿದ್ದೆ ಮಾಡುವುದಿಲ್ಲ; ಹಾಲೂಡಿಸಿ ಕೂಸನ್ನು ಅವ್ವನ ಕೈಗಿತ್ತು ಗೋಡೆಯ ಕಡೆ ಹೊರಳಿಬಿಡುತ್ತಾಳೆ, ಅಂಟಿನುಂಡೆ ತಟ್ಟೆಯಲ್ಲಿ ಹಾಗೆಯೇ ಉಳಿದಿರುತ್ತದೆ. ‘ನಾನಿಲ್ಲದಿದ್ದರೂ ಕೂಸು ಬೆಳೆಯುತ್ತದೆ ಬಿಡು’ ಎಂದು ಮೊನ್ನೆ ಅಂದಳು. ಅವ್ವ ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿದ್ದಾಳೆ. ಖಾಸಗಿ ಮನೋವೈದ್ಯರ ಶುಲ್ಕ, ಔಷಧ, ಬಾಡಿಗೆ ಕಾರು ಎಲ್ಲ ಸೇರಿದರೆ ದಿನಗೂಲಿಯ ಮನೆಗೆ ಎಟುಕುವುದಿಲ್ಲ. ಪಡಿತರ ಚೀಟಿ ಗಂಡನ ಮನೆಯದಾಗಿದ್ದು, ಅದರಲ್ಲಿ ಅವಳ ಹೆಸರು ಇನ್ನೂ ಸೇರಿಲ್ಲ. ಹತ್ತಿರದಲ್ಲಿ ಉಚಿತ ಅಥವಾ ಅಗ್ಗದ ಚಿಕಿತ್ಸೆ ಇದೆಯೇ? ಹಾಲೂಡಿಸುವಾಗ ಇಂಥ ಮಾತ್ರೆಗಳನ್ನು ನುಂಗಬಹುದೇ?

ಉತ್ತರ: ಸರ್ಕಾರಿ ಆಸ್ಪತ್ರೆಯ ಶುಶ್ರೂಷಕಿ

ಅಕ್ಕ, ಹಣದ ಚಿಂತೆಗಿಂತ ಮೊದಲು ಒಂದು ಮಾತು. ‘ನಾನಿಲ್ಲದಿದ್ದರೂ’ ಎಂಬ ಮಾತನ್ನು ಬಾಣಂತಿಯ ಬೇಸರವೆಂದು ದಯವಿಟ್ಟು ಬಿಟ್ಟುಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೀವೇ ಅವಳನ್ನು ನೇರವಾಗಿ ಕೇಳಿ. ಹಾಗೆ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಹೌದೆಂದರೆ ರಾತ್ರಿಯೂ ಒಬ್ಬರು ಜೊತೆಯಲ್ಲಿರಲಿ, ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳು ಮನೆಯಿಂದ ಆಚೆ ಹೋಗಲಿ, ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 108 ಆಂಬುಲೆನ್ಸ್ ಇದಕ್ಕೂ ಬರುತ್ತದೆ.

ಈಗಲೇ ಮಾಡಬಹುದಾದ ಕೆಲಸವೆಂದರೆ 14416ಕ್ಕೆ ಕರೆ ಮಾಡುವುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಕರೆಯನ್ನು ವರ್ಗಾಯಿಸುತ್ತಾರೆ. ತಂಗಿ ಮಾತನಾಡಲು ಒಪ್ಪದಿದ್ದರೆ ನೀವೇ ಮಾತನಾಡಿ.

ಮುಂದಿನದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಹಾವೇರಿಯೂ ಸೇರಿದಂತೆ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಇದಿದ್ದು, ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ಕೇಳಿಸಿ. ಚೀಟಿ ಮಾಡಿಸುವಾಗ ‘ಬಾಣಂತಿಗೆ ಸುಸ್ತು’ ಎಂದರೆ ನೇರವಾಗಿ ಪ್ರಸೂತಿ ವಿಭಾಗಕ್ಕೆ ಕಳುಹಿಸುತ್ತಾರೆ, ಅಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದರೆ ನಿಮ್ಮ ದಿನ ಹಾಳು; ಆದ್ದರಿಂದ ಮನೋವೈದ್ಯರನ್ನೇ ಕಾಣಬೇಕೆಂದು ಸ್ಪಷ್ಟವಾಗಿ ಹೇಳಿ. ತಾಯಿ ಕಾರ್ಡ್ ಕೈಯಲ್ಲಿರಲಿ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಅಂದೇ ಕೇಳಿ, ಏಕೆಂದರೆ ಇವೆರಡೂ ಇದೇ ರೀತಿಯ ದಣಿವನ್ನೂ ಮಂಕನ್ನೂ ತರಬಲ್ಲವು.

ಪಡಿತರ ಚೀಟಿಗೆ ಅಳುಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ.

ಉತ್ತರ: ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ಹಾಲಿನ ಪ್ರಶ್ನೆಗೆ ನನ್ನ ಅನುಭವದಿಂದ ಹೇಳುತ್ತೇನೆ. ಎರಡನೆಯ ಹೆರಿಗೆಯ ನಂತರ ನಾನು ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ ತೆಗೆದುಕೊಳ್ಳುತ್ತಲೇ ಹಾಲೂಡಿಸಿದೆ. ಅದು ಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆಯೆಂಬ ಕಾರಣಕ್ಕೆ ವೈದ್ಯರು ಹಾಲೂಡಿಸುವ ತಾಯಂದಿರಿಗೆ ಹೆಚ್ಚಾಗಿ ಅದನ್ನೇ ಆರಿಸುತ್ತಾರೆ. ಇತರ ಕೆಲವು ಔಷಧಗಳ ಲೆಕ್ಕ ಬೇರೆ. ಹಾಗಾಗಿ ಹಾಲೂಡಿಸುತ್ತಿರುವುದನ್ನು ವೈದ್ಯರ ಮುಂದೆ ಕುಳಿತ ತಕ್ಷಣ ಹೇಳಬೇಕು. ಮಾತ್ರೆಯ ಗುಣ ಕಾಣಲು ಕೆಲವು ವಾರಗಳು ಬೇಕಾಗುತ್ತವೆ, ಆ ಅವಧಿಯಲ್ಲಿಯೇ ‘ಏನೂ ಪ್ರಯೋಜನವಿಲ್ಲ’ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಎಲ್ಲರಿಗೂ ಮಾತ್ರೆ ಬೇಕೆಂದೇನೂ ಇಲ್ಲ. ತೊಂದರೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ವೈದ್ಯರು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯನ್ನು ಕೊಡಬಹುದು. ಅದು ಕನ್ನಡದಲ್ಲಿಯೂ ಇದೆ, ಹಿಂದಿನ ಏಳು ದಿನಗಳ ಮನಃಸ್ಥಿತಿಯನ್ನು ಕೇಳುತ್ತದೆ; ತಂಗಿಯೇ ಉತ್ತರಿಸಲಿ, ಪಕ್ಕದಲ್ಲಿ ಕುಳಿತವರು ಅವಳ ಪರವಾಗಿ ಹೇಳುವುದು ಬೇಡ.

ಅವ್ವನೊಡನೆ ತಾಯತದ ವಿಷಯಕ್ಕೆ ಜಗಳವಾಡಬೇಡಿ. ತಾಯತ ಕಟ್ಟಿಕೊಂಡೇ ಆಸ್ಪತ್ರೆಗೆ ಹೋದರೆ ಯಾರಿಗೇನು ನಷ್ಟ?

ಉತ್ತರ: ಬೆಂಗಳೂರಿನಿಂದ

ಮೇಲಿನವರ ಮಾತಿಗೆ ಸೇರಿಸುವುದೆಂದರೆ, ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಬಂದು ಹೋಗುವ ಅಳು ಬೇರೆ, ವಾರಗಟ್ಟಲೆ ಉಳಿಯುವ ಖಿನ್ನತೆ ಬೇರೆ, ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇನ್ನೂ ಬೇರೆ. ನಿದ್ದೆಯೇ ಬಾರದೆ, ಅಸಂಬದ್ಧವಾಗಿ ಮಾತನಾಡುತ್ತ, ಕೂಸಿನ ಬಗ್ಗೆ ವಿಚಿತ್ರ ಸಂಶಯ ತೋರಿಸಿದರೆ ಅದು ತುರ್ತುಸ್ಥಿತಿ, ಮಂಗಳವಾರಕ್ಕೆ ಕಾಯುವಂತಿಲ್ಲ. ದಾಖಲಿಸಬೇಕಾಗಿ ಬಂದರೆ ನಿಮಗೆ ಹತ್ತಿರದ ದೊಡ್ಡ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ವಿಭಾಗ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಕೂಸನ್ನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆಯಿಂದಲೇ ಬಾಯಿ ಬಿಡದ ಹೆಣ್ಣುಮಕ್ಕಳಿದ್ದಾರೆ. ತಂಗಿಗೆ ಇದನ್ನು ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ನೇರವಾಗಿ ಕೇಳಿದೆ. ಸಾಯುವ ಯೋಚನೆ ಬಂದು ಹೋಗುತ್ತದೆಂದು ಅತ್ತಳು. ನನ್ನ ಫೋನಿನಿಂದಲೇ 14416ಕ್ಕೆ ಮಾತನಾಡಿದಳು, ಅವರು ತಡಮಾಡದೆ ಆಸ್ಪತ್ರೆಗೆ ಹೋಗಲು ಹೇಳಿದರು. ಇಂದು ಜಿಲ್ಲಾ ಆಸ್ಪತ್ರೆಗೆ ಹೊರಟಿದ್ದೇವೆ. ಗಂಡನ ಮನೆಯವರಿಗೆ ಈಗಲೇ ತಿಳಿಸಬೇಕೇ ಎಂಬುದೊಂದೇ ಗೊಂದಲ.

ಉತ್ತರ: ಸರ್ಕಾರಿ ಆಸ್ಪತ್ರೆಯ ಶುಶ್ರೂಷಕಿ

ಗಂಡನಿಗೆ ತಿಳಿಸಿ, ಸಾಧ್ಯವಾದರೆ ಅವರೇ ಆಸ್ಪತ್ರೆಗೆ ಬರಲಿ. ಮರುಭೇಟಿಗಳಿಗೆ, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದಕ್ಕೆ ಅವರು ಬೇಕು. ಉಳಿದವರಿಗೆ ಹೇಳುವುದೋ ಬೇಡವೋ ಎಂಬುದನ್ನು ತಂಗಿಯೇ ನಿರ್ಧರಿಸಲಿ. ಹೊರಡುವಾಗ ಕೂಸಿನ ಬಟ್ಟೆ, ಲಸಿಕೆ ಕಾರ್ಡ್ ಇಟ್ಟುಕೊಳ್ಳಿ, ಅವಳ ಜೊತೆ ಇಬ್ಬರು ಹೋಗಿ.