ಪದ ಬೇಕು, ತುರ್ತು: ಬೆಣ್ಣೆ ತೆಗೆಯುವ ಜಾಡಿಗೆ ಎಂತ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಹಂಪನಕಟ್ಟೆಯ ಒಂದು ಪಾತ್ರೆ ಅಂಗಡಿಗೆ ಕರಪತ್ರ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಮನೆಯಲ್ಲೇ ಬೆಣ್ಣೆ ತೆಗೆಯುವ ಸಾಧನ ಎರಡು ನಮೂನೆಯದ್ದು ಬಂದಿದೆ. ಒಂದು ಗಾಜಿನ ಜಾಡಿ. ಮುಚ್ಚಳದ ಮೇಲೆ ಹಲ್ಲಿನ ಚಕ್ರ, ತಿರುಗಿಸುವ ಹಿಡಿ, ಒಳಗೆ ಮರದ ರೆಕ್ಕೆ. ಇನ್ನೊಂದು ಸ್ಟೀಲಿನದ್ದು, ಮುಚ್ಚಳದ ಮೇಲೆ ಮೋಟಾರು ಕೂತಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬಟರ್ ಚರ್ನ್’. ಮೋಟಾರಿನದ್ದರ ಪೆಟ್ಟಿಗೆಯ ಮೇಲೆ ‘ಮಧಾನಿ’ ಅಂತಲೂ ಉಂಟು.

ನಾನು ‘ಕಡೆಯುವ ಯಂತ್ರ’ ಎಂದು ಬರೆದು ಕಳಿಸಿದೆ. ಅಂಗಡಿಯವರು ಫೋನ್ ಮಾಡಿದರು: “ಕಡೆಯುವ ಯಂತ್ರ ಅಂದ್ರೆ ಗ್ರೈಂಡರ್ ಅಲ್ವಾ? ಇದಕ್ಕೆ ಯಾರಾದ್ರೂ ಉದ್ದು ಹಾಕಿದ್ರೆ ಎಂತ ಮಾಡುವುದು?”

ಮಾತು ಸರಿಯೇ. ಹಾಗಾಗಿ ಇಡೀ ಸಾಧನಕ್ಕೊಂದು ಹೆಸರು ಬೇಕು, ಒಳಗಿನ ರೆಕ್ಕೆಗೊಂದು ಬೇಕು. ಮತ್ತೆ, ಕೆನೆಯಿಂದ ಬೆಣ್ಣೆ ಬೇರೆಯಾಗುವ ಗಳಿಗೆಗೆ ಇಂಗ್ಲಿಷಿನವರು ‘ಬ್ರೇಕ್’ ಅನ್ನುತ್ತಾರೆ, ಅದಕ್ಕೂ ಒಂದು ಬೇಕು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

— ಮಂಗಳೂರು

&nbsp;

ಕಡೆಗೋಲು. ಇದಕ್ಕೆ ಚರ್ಚೆ ಯಾಕೆ? ಮಠಕ್ಕೆ ಬಂದು ಕೃಷ್ಣನ ಬಲಗೈ ನೋಡಿ.

— ಉಡುಪಿ

&nbsp;

> ಕೃಷ್ಣನ ಬಲಗೈ ನೋಡಿ

ನೋಡಿದ್ದೇನೆ ಸ್ವಾಮಿ. ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಜಾಡಿ ಯಾವ ಕೈಯಲ್ಲೂ ಇಲ್ಲ. ನನಗೆ ಬೇಕಾದ್ದು ಜಾಡಿಯ ಹೆಸರು.

— ಮಂಗಳೂರು

&nbsp;

ನಮ್ಮಲ್ಲಿ ಪಾತ್ರೆಗೆ ಬೇರೆ ಹೆಸರೇ ಇರಲಿಲ್ಲ ಮಾರಾಯ್ರೇ. ಅದು ಮಜ್ಜಿಗೆಯ ಅಳಗೆ, ಅಷ್ಟೆ. ಮಂತನ್ನು, ಅಂದರೆ ಕಡೆಗೋಲನ್ನು, ಕಂಬಕ್ಕೆ ಸಿಕ್ಕಿಸಿ, ಹಗ್ಗ ಸುತ್ತಿ, ಒಮ್ಮೆ ಈ ಕೈ ಒಮ್ಮೆ ಆ ಕೈ ಎಳೆಯುವುದು. ಕೆಲಸ ಮಾಡುವುದು ಮಂತು, ಹೆಸರೂ ಅದಕ್ಕೇ. ನಿಮ್ಮ ಸಾಧನದಲ್ಲಿ ಕೋಲು, ಪಾತ್ರೆ, ಹಗ್ಗದ ಬದಲಿಗೆ ಬಂದ ಚಕ್ರ ಎಲ್ಲ ಒಟ್ಟಿಗೆ ಕೂತಿವೆ. ಹಾಗಾಗಿ ಹಳೆಯ ಪದ ಒಂದೂ ಪೂರ್ತಿ ಕೂಡುವುದಿಲ್ಲ. ಒಳಗಿನ ರೆಕ್ಕೆಗೆ ಮಾತ್ರ ಧಾರಾಳ ‘ಮಂತು’ ಅಂತ ಬರೆಯಿರಿ. ಪುತ್ತೂರು, ಸುಳ್ಯ, ವಿಟ್ಲದ ಕಡೆಯವರಿಗೆ ಕೂಡಲೇ ಗೊತ್ತಾಗುತ್ತದೆ.

ಇನ್ನು ‘ಬ್ರೇಕ್’. ದಯವಿಟ್ಟು ‘ಕೆನೆ ಒಡೆಯುತ್ತದೆ’ ಅಂತ ಬರೆಯಬೇಡಿ. ಒಡೆಯಿತು ಅಂದರೆ ಹಾಳಾಯಿತು ಅಂತಲೇ ಜನರ ಲೆಕ್ಕ, ಅರ್ಧಕ್ಕೇ ಚೆಲ್ಲಿಬಿಡುತ್ತಾರೆ. ಕಡೆಯುತ್ತಾ ಹೋದರೆ ಮೊದಲು ನೊರೆ. ಆಮೇಲೆ ಗಟ್ಟಿಯಾಗಿ ಕೈ ಭಾರವಾಗುತ್ತದೆ. ಮತ್ತೆ ಇದ್ದಕ್ಕಿದ್ದ ಹಾಗೆ ಸದ್ದು ಬದಲಾಗುತ್ತದೆ, ನೀರಿನಲ್ಲಿ ರವೆಯಂಥ ಕಾಳು ಕಾಣುತ್ತದೆ. ಅದಕ್ಕೆ ‘ಬೆಣ್ಣೆ ಬಂತು’ ಅನ್ನುವುದು. ಬೇರೆ ಪದ ಹುಡುಕಬೇಡಿ.

— ಪುತ್ತೂರು

&nbsp;

ಕಡೆಯುವುದು ಎಂದರೆ ಮೊಸರನ್ನು. ಹಿಟ್ಟನ್ನು ರುಬ್ಬುತ್ತಾರೆ. ಕರಾವಳಿಯ ತಪ್ಪು ಬಳಕೆಗೆ ಹೆದರಿ ಒಳ್ಳೆಯ ಪದವನ್ನು ಬಿಡಬೇಕಾಗಿಲ್ಲ. ‘ಬೆಣ್ಣೆ ಕಡೆಯುವ ಯಂತ್ರ’ ಸರಿಯಾಗಿದೆ.

— ಮೈಸೂರು

&nbsp;

ತಪ್ಪು ಬಳಕೆ ಎನ್ನುವ ಮೊದಲು ಸ್ವಲ್ಪ ಯೋಚಿಸಬಹುದಿತ್ತು.

‘ಕಡೆ’ಯ ತಿರುಳು ತಿರುಗುವುದರಲ್ಲಿದೆ. ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತಾ ನಯ ಮಾಡಿದರೆ ಅದು ಕಡೆದದ್ದು. ಬೇಲೂರು, ಹಳೇಬೀಡಿನ ದುಂಡು ಕಂಬಗಳನ್ನು ಕಡೆದ ಕಂಬ ಅನ್ನುವುದು ಅದಕ್ಕೇ. ಕೋಲು ಮೊಸರಿನಲ್ಲಿ ತಿರುಗಿದರೂ ಕಡೆಯುವುದು. ನಮ್ಮ ಕಡೆಯುವ ಕಲ್ಲಿನಲ್ಲಿ ಗುಂಡುಕಲ್ಲು ಗುಳಿಯೊಳಗೆ ಸುತ್ತುತ್ತದೆ, ಹಾಗಾಗಿ ಅದೂ ಕಡೆಯುವುದೇ. ತುಳುವಿನಲ್ಲೂ ಕಡೆಪಿ ಕಲ್ಲ್. ಅದೇ ಚಪ್ಪಟೆ ಕಲ್ಲಿನ ಮೇಲೆ ಹಿಂದೆ ಮುಂದೆ ಎಳೆದರೆ ಇಲ್ಲಿ ಯಾರೂ ಕಡೆಯುವುದು ಅನ್ನುವುದಿಲ್ಲ, ಅರೆಯುವುದು ಅನ್ನುತ್ತೇವೆ. ಕೈಯ ಚಲನೆ ನೋಡಿ ಕ್ರಿಯಾಪದ ಆರಿಸುವ ಜನರಿಗೆ ಮೈಸೂರಿನ ಪಾಠ ಬೇಡ.

ಆದರೂ ‘ಕಡೆಯುವ ಯಂತ್ರ’ ಮಂಗಳೂರಿನ ಅಂಗಡಿಯಲ್ಲಿ ನಡೆಯುವುದಿಲ್ಲ. ಪದ ತಪ್ಪು ಅಂತ ಅಲ್ಲ, ಆ ಜಾಗದಲ್ಲಿ ಗ್ರೈಂಡರ್ ಆಗಲೇ ಕೂತಿದೆ.

— ಕಾರ್ಕಳ

&nbsp;

ಪಾತ್ರೆಗೆ ಹೆಸರೇ ಇಲ್ಲ ಎನ್ನುವುದು ಅವಸರದ ಮಾತು. ಅಮರಕೋಶ ತೆಗೆದು ನೋಡಿ. ಕೋಲಿಗೆ ವೈಶಾಖ, ಮಂಥ, ಮಂಥಾನ. ಕೋಲನ್ನು ಹಿಡಿದು ನಿಲ್ಲಿಸುವ ಕಂಬಕ್ಕೆ ಕುಠರ. ಪಾತ್ರೆಗೆ ಮಂಥನೀ, ಗರ್ಗರೀ. ಮೂರಕ್ಕೂ ಬೇರೆ ಬೇರೆ ಹೆಸರು ಸಿದ್ಧವಾಗಿವೆ. ‘ನವನೀತ ಮಂಥನಿ’ ಎಂದರೆ ಕಿವಿಗೂ ಇಂಪು.

— ಮಣಿಪಾಲ

&nbsp;

ನವನೀತವೂ ಬೇಡ, ಮಂತನಿಯೂ ಬೇಡ. ಎರಡೂ ಎರವಲು. ‘ಕಡೆ’ಯ ಕೊನೆಗೆ ‘ಕ’ ಎಂಬ ಒಟ್ಟು ಸೇರಿಸಿ ‘ಕಡೆಕ’ ಮಾಡಿದರೆ ಮುಗಿಯಿತು. ಇಲ್ಲವೇ ಇಡೀ ಸಾದನಕ್ಕೇ ಪುತ್ತೂರಿನವರ ‘ಮಂತು’ ಇಡಿ, ಅಚ್ಚಗನ್ನಡ. ನಮ್ಮ ಬಾಶೆಯ ಅಡುಗೆಮನೆಗೆ ಇನ್ನೊಂದು ಬಾಶೆಯ ಕೋಶ ಯಾಕೆ ಬೇಕು?

— ಬೆಂಗಳೂರು

&nbsp;

ಮೊದಲು ‘ಭಾಷೆ’ಯ ಹೊಟ್ಟೆ ಸೀಳಿ ಬನ್ನಿ. ಆಮೇಲೆ ಉಪದೇಶ.

— ಮಣಿಪಾಲ

&nbsp;

ಬೆಂಗಳೂರಿನವರಿಗೆ ಒಂದು ಮಾತು. ‘ಮಂತು’ ಬಂದದ್ದು ಮಂಥದಿಂದಲೇ. ಪೆಟ್ಟಿಗೆಯ ಮೇಲಿನ ‘ಮಧಾನಿ’ ಪಂಜಾಬಿ, ಹಿಂದಿಯವರ ಮಥಾನಿ, ಬೇರು ಅದೇ. ಮೂಲೆಯಲ್ಲಿ ಕರಿ ಹಿಡಿದು ಕೂತ ಎರವಲು ನಿಮಗೆ ಅಚ್ಚಗನ್ನಡ, ಪುಸ್ತಕದಲ್ಲಿದ್ದರೆ ಮಾತ್ರ ಪರಭಾಷೆ. ಇದೆಂಥ ಲೆಕ್ಕ?

ಮಣಿಪಾಲದ ಮಾಷ್ಟ್ರಿಗೂ ಒಂದು. ‘ನವನೀತ ಮಂಥನಿ’ ಎಂದು ಹಂಪನಕಟ್ಟೆಯಲ್ಲಿ ಬೋರ್ಡು ಹಾಕಿದರೆ ಆಯುರ್ವೇದದ ಲೇಹ್ಯ ಅಂದುಕೊಂಡಾರು.

ಎರವಲು ತರುವುದು ತಪ್ಪಲ್ಲ. ಕೊಳ್ಳುವವರ ಬಾಯಿಗೆ ಬಾರದ್ದನ್ನು ತರುವುದು ಸುಮ್ನೆ ದಂಡ. ‘ಕಡೆಕ’ವೂ ಅದೇ ಜಾತಿ.

— ಕಾರ್ಕಳ

&nbsp;

ನೀವು ಜಗಳ ಆಡುತ್ತಾ ಇರಿ. ಮಂಗಳೂರಿನವರೇ, ಕರಪತ್ರದಲ್ಲಿ ಹೆಸರಿಗಿಂತ ಮುಖ್ಯವಾದ್ದು ಇದೆಯಾ ನೋಡಿಕೊಳ್ಳಿ.

ಜಾಡಿ ಎಷ್ಟು ದೊಡ್ಡದು ಬೇಕು ಅಂತ ಬರೆಯಬೇಕು. ದಿನಕ್ಕೆ ಒಂದು ಲೀಟರ್ ಹಾಲು ತರುವ ಮನೆಯಲ್ಲಿ ವಾರದ ಕೆನೆಗೆ ಹೆಚ್ಚೆಂದರೆ ಕಾಲು ಕೆಜಿ ಬೆಣ್ಣೆ. ಅಷ್ಟಕ್ಕೆ 2 ಲೀಟರಿನ ಕೈಜಾಡಿ ಧಾರಾಳ. ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಗಾಳಿ ಸೇರಿ ಕೆನೆ ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ನೊರೆಯಲ್ಲೇ ನಿಲ್ಲುತ್ತದೆ. ಮೋಟಾರಿನದ್ದು ಬೇಕಾಗುವುದು ಹಟ್ಟಿಯಲ್ಲಿ ದನ ಇರುವವರಿಗೆ. ಒಂದು ಮುಷ್ಟಿ ಕೆನೆಗೆ ಅದನ್ನು ತೆಗೆದುಕೊಂಡರೆ ರೆಕ್ಕೆಗೆ ಕೆನೆ ತಾಗುವುದೇ ಇಲ್ಲ.

ನಮ್ಮ ಊರಿನ ಸೆಕೆಗೆ ಇನ್ನೊಂದು ಸಾಲು ಸೇರಿಸಿ. ಕೆನೆ 12ರಿಂದ 15 ಡಿಗ್ರಿ ತಂಪು ಇದ್ದರೆ ಒಳ್ಳೆಯದು. ಬೆಚ್ಚಗಾದರೆ ಬೆಣ್ಣೆ ಮೆತ್ತಗಾಗಿ ಕೊಬ್ಬು ಮಜ್ಜಿಗೆಗೆ ಹೋಗುತ್ತದೆ. ತೀರಾ ತಣ್ಣಗಿದ್ದರೆ ಕೈ ಸೋಲುವವರೆಗೆ ತಿರುಗಿಸಬೇಕು. ಹಿಂದೆ ಬೆಳಗಿನ ತಂಪಿಗೇ ಕಡೆಯುತ್ತಿದ್ದದ್ದು ಯಾಕೆ ಮತ್ತೆ? ಮುಚ್ಚಳದಲ್ಲಿ ಕೋಲು ತೂರುವ ತೂತು ಬಿಚ್ಚಿ ತೊಳೆಯಲು ಬರುತ್ತದೆಯಾ ಅಂತಲೂ ಅಂಗಡಿಯವರ ಹತ್ತಿರ ಕೇಳಿ. ಅಲ್ಲಿ ಜಿಡ್ಡು ಉಳಿದರೆ ಮುಂದಿನ ಬೆಣ್ಣೆಗೂ ಕಮಟು ವಾಸನೆ.

— ಪುತ್ತೂರು

&nbsp;

ಅಕ್ಕಾ, ಉಪಕಾರವಾಯಿತು. ನಿಮ್ಮ ಮಾತನ್ನು ಹೆಚ್ಚುಕಮ್ಮಿ ಹಾಗೇ ಹಾಕಿದ್ದೇನೆ. ಅಚ್ಚಿಗೆ ಹೋದದ್ದು ಹೀಗೆ:

“ಬೆಣ್ಣೆ ಜಾಡಿ. ಕೈಯಲ್ಲಿ ತಿರುಗಿಸುವುದು, ಮೋಟಾರಿನದ್ದು ಎರಡೂ ಇವೆ. ಕೆನೆ ಅಥವಾ ಮೊಸರು ಅರ್ಧ ಜಾಡಿಯಷ್ಟೇ ಹಾಕಿ. ಬೆಣ್ಣೆ ಬಂದ ಕೂಡಲೇ ತಿರುಗಿಸುವುದು ನಿಲ್ಲಿಸಿ. ಮಂತನ್ನು ಬಿಚ್ಚಿ ತೊಳೆಯಿರಿ. ಹಿಟ್ಟು, ಮಸಾಲೆ ಕಡೆಯಲು ಅಲ್ಲ.”

ಕೊನೆಯ ಸಾಲು ಅಂಗಡಿಯವರದ್ದು.

— ಮಂಗಳೂರು

&nbsp;

ಕೊನೆಗೂ ಇಂಗ್ಲಿಶಿನ ‘ಜಾರ್’ಗೇ ಶರಣು!

— ಬೆಂಗಳೂರು

&nbsp;

ಜಾಡಿಗೂ ಜಾರಿಗೂ ಸಂಬಂಧ ಇಲ್ಲ. ತಮಿಳಿನಲ್ಲೂ ಸಾಡಿ ಇದೆ. ಇಂಗ್ಲಿಷಿನ ಜಾರ್ ಅರಬ್ಬಿಯಿಂದ ಹೋದದ್ದು. ಇನ್ನೂ ಅನುಮಾನ ಇದ್ದರೆ ಬೇರೆ ವಿಷಯ ಹಾಕಿ ಬರೆಯಿರಿ, ಇದರಲ್ಲಿ ಸಾಕು.

— ಕಾರ್ಕಳ