ಅಪ್‌ಡೇಟ್: ಸಫಾರಿಗೆ ಎರಡನೇ ಕ್ಯಾಮೆರಾ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ), ಕೊನೆಗೆ ಕ್ಯಾನನ್ ಆರ್7 ತಗೊಂಡೆ

ನನ್ನ ಹತ್ರ ಕ್ಯಾನನ್ ಆರ್6 ಮಾರ್ಕ್ 2 ಇದೆ, ಜೊತೆಗೆ ಅದೇ ಬಾಡಿ ಇನ್ನೊಂದು ತಗೊಳ್ಳಲಾ ಇಲ್ಲ ಆರ್7 ತಗೊಳ್ಳಲಾ ಅಂತ ಕೇಳಿದ್ದೆನಲ್ಲ, ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಆರ್7 ತಗೊಂಡೆ, ತುಂಬಾ ಖುಷಿಯಾಗಿದ್ದೀನಿ.

ಮುಖ್ಯ ಕಾರಣ ದೂರದ ಪ್ರಾಣಿಗಳು. ಆರ್7ನ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಆರ್6ಗಿಂತ ಚಿಕ್ಕದು, ಹಾಗಾಗಿ 100-500 ಎಂಎಂ ಲೆನ್ಸ್ ಇದಕ್ಕೆ ಹಾಕಿದರೆ 500ರಲ್ಲಿ 1.6 ಪಟ್ಟು ಕ್ರಾಪ್ ಆಗಿ 800 ಎಂಎಂ ಹಾಕಿದಷ್ಟು ಹತ್ತಿರ ಕಾಣುತ್ತದೆ, ಅದೂ ಪೂರ್ತಿ 32.5 ಮೆಗಾಪಿಕ್ಸೆಲ್ ಇಟ್ಟುಕೊಂಡೇ. ಆರ್6 ಫೋಟೋವನ್ನು ಅಷ್ಟೇ ಕ್ರಾಪ್ ಮಾಡಿದರೆ ಉಳಿಯುವುದು ಸುಮಾರು 9 ಮಾತ್ರ. ದೂರದ ಕೊಂಬೆ ಮೇಲೆ ಕೂತ ಹದ್ದಿನ ಕಣ್ಣಿನ ಸುತ್ತ ಇರುವ ಸಣ್ಣ ಗರಿಗಳೂ ಬಿಡಿಬಿಡಿಯಾಗಿ ಸಿಗುತ್ತವೆ!

ಆರ್6ಗೆ ಈಗ 70-200 ಎಫ್2.8 (ಜಾಸ್ತಿ ಬೆಳಕು ಒಳಗೆ ಬಿಡುವ ಲೆನ್ಸ್) ಖಾಯಂ. ಸಂಜೆ ಬೆಳಕು ಇಳಿದಾಗ, ಪ್ರಾಣಿ ಜೀಪಿನ ಪಕ್ಕಕ್ಕೇ ಬಂದಾಗ ಅದೇ ಬೇಕು, ಯಾಕಂದ್ರೆ ಬೆಳಕು ಕಮ್ಮಿ ಅಂತ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಜಾಸ್ತಿ ಮಾಡಿದರೆ ಆರ್7 ಫೋಟೋದಲ್ಲಿ ನಾಯ್ಸ್ (ಕಾಳುಕಾಳು ಚುಕ್ಕಿಗಳು) ಬೇಗ ಕಾಣುತ್ತದೆ. ಧೂಳಿನಲ್ಲಿ ಲೆನ್ಸ್ ಬದಲಿಸುವ ಗೋಳೂ ತಪ್ಪಿತು.

ಒಂದು ಎಚ್ಚರಿಕೆ. ಆರ್7ನಲ್ಲಿ ಎಲೆಕ್ಟ್ರಾನಿಕ್ ಶಟರ್ (ಪರದೆ ಚಲಿಸದೆ ಫೋಟೋ ತೆಗೆಯುವ ವಿಧಾನ) ಬಳಸಿದರೆ ಸೆನ್ಸರ್‌ನಿಂದ ಚಿತ್ರ ಸಾಲುಸಾಲಾಗಿ ಓದುವುದು ನಿಧಾನ, ಅದಕ್ಕೇ ಹಾರುವ ಹಕ್ಕಿಯ ರೆಕ್ಕೆ ಸೊಟ್ಟಗೆ ಬರುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಫ್ರೇಮ್ ಸಿಗುತ್ತದೆ, ಸಾಕಲ್ವಾ?

ಬ್ಯಾಟರಿ, ಎಸ್‌ಡಿ ಕಾರ್ಡ್ ಎರಡಕ್ಕೂ ಒಂದೇ. ಆದರೆ ಆರ್7ನ ಹಿಂದಿನ ಡಯಲ್ ಜಾಯ್‌ಸ್ಟಿಕ್ ಸುತ್ತ ಇದೆ, ಆರ್6ನಲ್ಲಿ ಬೇರೆ ಕಡೆ. ಎರಡನ್ನೂ ಒಟ್ಟಿಗೆ ಬಳಸುವವರು ಹೊರಡುವ ಮೊದಲು ಮನೆಯಲ್ಲೇ ಬೆರಳಿಗೆ ಅಭ್ಯಾಸ ಮಾಡಿಸಿಕೊಳ್ಳಿ.