ಸಹಾಯ ಬೇಕು: ಪೋರ್ಚುಗಲ್‌ನಲ್ಲಿ ಮನೆ ನೋಡದೆಯೇ ಬಾಡಿಗೆ ಕರಾರು ಮಾಡಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ದೂರದಿಂದಲೇ ಕೆಲಸ ಮಾಡುವವರಿಗೆಂದು ಪೋರ್ಚುಗಲ್ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಡಿ8 ವೀಸಾಕ್ಕೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದೇನೆ. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕೆಂಬ ಷರತ್ತು ನನಗೆ ತೊಡಕಾಗಿಲ್ಲ, ತೊಡಕಾಗಿರುವುದು ಮನೆ. ವಾಸಸ್ಥಳದ ಪುರಾವೆಯನ್ನೂ ಅರ್ಜಿಯೊಂದಿಗೆ ಕೊಡಬೇಕಾಗಿರುವುದರಿಂದ, ಆ ದೇಶಕ್ಕೆ ಕಾಲಿಡುವ ಮೊದಲೇ, ವೀಸಾ ಸಿಗುವುದೋ ಇಲ್ಲವೋ ತಿಳಿಯದಿರುವಾಗಲೇ, ದೀರ್ಘಾವಧಿಯ ಕರಾರಿಗೆ ಸಹಿ ಹಾಕಬೇಕಾದ ಪರಿಸ್ಥಿತಿ ಬಂದಿದೆ.

ಲಿಸ್ಬನ್ ಮತ್ತು ಪೋರ್ಟೊದ ಬಾಡಿಗೆ ನನ್ನ ಕೈಗೆಟುಕದ ಕಾರಣ ಕೊಯಿಂಬ್ರಾದಲ್ಲಿ ಹುಡುಕುತ್ತಿದ್ದೇನೆ. ಅದು ವಿಶ್ವವಿದ್ಯಾಲಯದ ಊರಾದ್ದರಿಂದ ಸೆಪ್ಟೆಂಬರ್ ಹೊತ್ತಿಗೆ ಮನೆಗಳೆಲ್ಲ ವಿದ್ಯಾರ್ಥಿಗಳ ಪಾಲಾಗುತ್ತವೆ, ಹಾಗಾಗಿ ತಡಮಾಡುವಂತಿಲ್ಲ. ಮೊನ್ನೆ ಒಪ್ಪಿಗೆಯಾದ ಮನೆಯೊಂದರ ಮಾಲೀಕರು ವಿಡಿಯೊ ಕರೆಗೆ ಒಪ್ಪದೆ, ಮೊದಲು ಎರಡು ತಿಂಗಳ ಮುಂಗಡ ಕಳುಹಿಸಿ ಎಂದರು. ಆಮೇಲೆ ಗಮನಿಸಿದರೆ ಚಿತ್ರದ ಕಿಟಕಿಯಾಚೆ ಸಮುದ್ರ ಕಾಣುತ್ತಿತ್ತು, ಆದರೆ ಕೊಯಿಂಬ್ರಾ ಇರುವುದು ಒಳನಾಡಿನಲ್ಲಿ, ಮೊಂಡೇಗು ನದಿಯ ದಂಡೆಯ ಮೇಲೆ.

ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ತಿಳಿಸಿ: ವೀಸಾ ನಿರಾಕರಣೆಯಾದರೆ ಕರಾರು ರದ್ದಾಗಿ ಮುಂಗಡ ವಾಪಸಾಗಬೇಕೆಂಬ ಷರತ್ತನ್ನು ಮಾಲೀಕರು ಒಪ್ಪುತ್ತಾರೆಯೇ? ಆಸ್ತಿಯ ನೋಂದಣಿ ಪತ್ರವನ್ನು ನೀವೇ ಪರಿಶೀಲಿಸಿದಿರೋ, ಅಲ್ಲಿನ ವಕೀಲರಿಗೆ ಒಪ್ಪಿಸಿದಿರೋ? ಕರಾರಿಗೆ ಬೇಕಾಗುವ ತೆರಿಗೆ ಸಂಖ್ಯೆಯನ್ನು ಪ್ರತಿನಿಧಿಯ ಮೂಲಕ ಪಡೆದವರ ಅನುಭವವೂ ನನಗೆ ಬಹಳ ಮುಖ್ಯ. ಅಲ್ಲಿನ ಹಳೆಯ ಮನೆಗಳು ಚಳಿಗಾಲದಲ್ಲಿ ತೀರಾ ತಣ್ಣಗಿರುತ್ತವೆ ಎನ್ನುತ್ತಾರೆ. ದಿನವಿಡೀ ಮನೆಯಲ್ಲೇ ಕುಳಿತು ಕೆಲಸ ಮಾಡುವವರು ಏನನ್ನು ಕೇಳಿ ಖಚಿತಪಡಿಸಿಕೊಳ್ಳಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.